ಬಯಲು ರಂಗಮಂದಿರಕ್ಕೆ ತಗಡು ಯಾಕ್ರೀ?

ಬಳ್ಳಾರಿಯ ಕೌಲ್‌ಬಜಾರಿನ ಓದುಗರೊಬ್ಬರ ಪತ್ರ: ಪಾರ್ಕಿನ ಬಯಲು ರಂಗಮಂದಿರಕ್ಕೆ ಏಪ್ರಿಲ್‌ನಲ್ಲಿ ಸಂಜೆ 5ಕ್ಕೆ ಸಂಗೀತ ಕೇಳಲು ಹೋಗಿದ್ದೆ. ಮೆಟ್ಟಿಲು ಕಾದ ಹಂಚು. ಹಿಂದಿನ ಸಾಲಿಗೆ ಹಾಡು ಸರಿಯಾಗಿ ಕೇಳಲಿಲ್ಲ, ತಬಲಾ ಪೆಟ್ಟು ಎರಡೆರಡಾಗಿ ಬಂತು. ಮೇಲೆ ತಗಡು ಹಾಕಿಸಿ ಎಂದು ನೀವಾದರೂ ಬರೆಯಬಾರದೇ?

ಉತ್ತರ: ಬರೆಯುವುದಿಲ್ಲ ಸರ್, ಬೇಜಾರಾಗಬೇಡಿ. ಮೆಟ್ಟಿಲು ಸುಡುವುದು ನಿಜ. ನಾನೂ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು, ಆದರೂ ಆಲಾಪ ಮುಗಿಯುವಷ್ಟರಲ್ಲಿ ಮೂರು ಸಲ ಜಾಗ ಬದಲಿಸಿದವನು. ಆದರೆ ನಮ್ಮೂರ ಬಿಸಿಲಿಗೆ ತಗಡು ಹಾಕಿದರೆ ಕೆಳಗಿನ ಕಾವಿಗೆ ಮೇಲಿನ ಕಾವೂ ಸೇರುತ್ತದೆ, ಮಳೆ ಬಂದರೆ ತಂಬೂರಿಯ ಮಾತೇ ಬೇಡ. ಸೂರು ಬೇಕೆಂದರೆ ರಾಘವ ಕಲಾಮಂದಿರ ಇದ್ದೇ ಇದೆ, ಅಲ್ವಾ?

ಎಡವಟ್ಟಾಗಿರುವುದು ಹೊತ್ತಿನಲ್ಲಿ. ಬಿಸಿ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ. ಹಗಲು ನೆಲದ ಹತ್ತಿರದ ಗಾಳಿಯೇ ಜಾಸ್ತಿ ಬಿಸಿ, ಹಾಗಾಗಿ ದೂರ ಹೋಗುತ್ತಾ ಸದ್ದು ಮೇಲಕ್ಕೆ ಬಾಗುತ್ತದೆ. ರಾತ್ರಿ ನೆಲ ತಣ್ಣಗಾದಾಗ ಕೆಳಕ್ಕೆ ಬಾಗುತ್ತದೆ. ಬಯಲಾಟದ ಮದ್ದಳೆ ನಡುರಾತ್ರಿ ಪಕ್ಕದೂರಿಗೂ ಕೇಳುವುದು ಸುಮ್ನೆ ಅಲ್ಲ. ನಿಮ್ಮ ಹಿಂದಿನ ಸಾಲಿನ ಮಟ್ಟಿಗೆ ಇದು ಸಣ್ಣ ಕಾರಣ ಬಿಡಿ, 5 ಗಂಟೆಯ ರಸ್ತೆಯ ಹಾರನ್ ದೊಡ್ಡದು.

ತಬಲಾ ಎರಡೆರಡಾಗಿ ಕೇಳಿದ್ದು ಮಾತ್ರ ಮೈಕ್‌ನವರ ಮರೆವು ಇರಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯ ಸ್ಪೀಕರ್ ಬಾಕ್ಸ್ ನಿಮಗೆ 40 ಮೀಟರ್ ದೂರ, ಸಾಲುಗಳ ನಡುವೆ ನಿಲ್ಲಿಸಿದ ಇನ್ನೊಂದು ಬಾಕ್ಸ್ 6 ಮೀಟರ್ ಎಂದಿಟ್ಟುಕೊಳ್ಳಿ. ಹತ್ತಿರದ ಪೆಟ್ಟು ಬಿದ್ದು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದ ಮೇಲೆ ದೂರದ್ದು ಬರುತ್ತದೆ. ನಡುವಿನ ಬಾಕ್ಸಿಗೆ ಅಷ್ಟೇ ಡಿಲೇ ಕೊಟ್ಟರೆ ಎರಡೂ ಕೂಡಿಕೊಳ್ಳುತ್ತವೆ. ಡಿಜಿಟಲ್ ಮಿಕ್ಸರಿನಲ್ಲಿ ಇದು ಎರಡು ನಿಮಿಷದ ಕೆಲಸ.

ಗ್ರೀಸ್‌ನ ಎಪಿಡೌರಸ್‌ನಲ್ಲಿ ಕ್ರಿ.ಪೂ. 4ನೇ ಶತಮಾನದ ಬಯಲು ರಂಗಮಂದಿರವಿದೆ. ಸುಮಾರು 14 ಸಾವಿರ ಜನ ಕೂರುವ ಜಾಗ, ಸೂರಿಲ್ಲ. ಸಾಲುಗಳನ್ನು ಗುಡ್ಡದ ಇಳಿಜಾರಿಗೇ ಕಡಿದಾಗಿ ಏರಿಸಿದ್ದಾರೆ, ಮುಂದಿನವರ ತಲೆ ಸದ್ದಿಗೆ ಅಡ್ಡ ಬರುವುದಿಲ್ಲ. ನಮ್ಮ ಪಾರ್ಕಿನವರು ಮೆಟ್ಟಿಲ ಎತ್ತರದಲ್ಲಿ ಜಿಪುಣತನ ಮಾಡಿದ್ದಾರೆ.

ಹಾಗಾಗಿ ನಾನು ಬರೆಯುವುದಾದರೆ ಇಷ್ಟು: ಪಡುವಣ ಬದಿಗೆ ನಾಲ್ಕು ಬೇವಿನ ಗಿಡ ನೆಡಿ, ಮಧ್ಯಾಹ್ನ ಕಳೆದ ಮೇಲೆ ಕಲ್ಲಿಗೆ ನೀರು ಚೆಲ್ಲಿ, ಕಾರ್ಯಕ್ರಮ ತಂಪೊತ್ತಿಗೆ, 7ಕ್ಕೆ ಶುರುಮಾಡಿ. ರಾತ್ರಿ 10ರ ಮೇಲೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ, ಆದರೆ ಮೂರು ಗಂಟೆ ಸಾಲದೇ? ನೀವು ಮುಂದಿನ ಸಲ ನಡುಸಾಲಿನಲ್ಲಿ ನನಗೂ ಒಂದು ಟವೆಲ್ ಹಾಸಿಡಿ, ಒಗ್ಗರಣೆ ಮಿರ್ಚಿ ನಾನು ತರುತ್ತೇನೆ.