ತೋಟದ ಕಡೆ ಮುಖ ಹಾಕದವರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಮಲೆನಾಡಿನವರು. ವಯಸ್ಸು 47. ಮೂರು ಎಕರೆ ಅಡಿಕೆ ತೋಟ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದದ್ದು ಹೆಂಡತಿ. "ಎರಡು ತಿಂಗಳಾಯ್ತು, ಇವರು ತೋಟಕ್ಕೆ ಇಳಿದಿಲ್ಲ" ಎಂದರು. ಮೊದಲೆಲ್ಲ ಬೆಳಗಿನ ಕಾಫಿ ಕುಡಿದವರೇ ತೋಟಕ್ಕೆ ಹೋಗುತ್ತಿದ್ದವರು. ಈಗ ಜಗಲಿಯಲ್ಲಿ ಕೂತರೆ ಕೂತೇ. ಊಟ ಸೇರದು. ರಾತ್ರಿ ಮೂರಕ್ಕೇ ಎಚ್ಚರ.

ಕಾರಣ ಎಲೆಚುಕ್ಕೆ ರೋಗ. ಸೋಗೆಯ (ಅಡಿಕೆ ಮರದ ಗರಿ) ಮೇಲೆ ಸಣ್ಣ ಕಂದು ಚುಕ್ಕೆಗಳು ಬಂದು, ಹಬ್ಬಿ, ಸೋಗೆಯೇ ಒಣಗುತ್ತದೆ. ಅಪ್ಪ ನೆಟ್ಟ ತೋಟ ಎರಡೇ ಮಳೆಗಾಲದಲ್ಲಿ ಸೊರಗಿತ್ತು.

ಮೊದಲ ದಿನ ನೇರವಾಗಿಯೇ ಕೇಳಿದೆ: "ಸತ್ತು ಹೋಗಬೇಕು ಅನ್ನಿಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ದಯವಿಟ್ಟು ಕೇಳಿ. ಅವರು ತುಂಬ ಹೊತ್ತು ನೆಲ ನೋಡುತ್ತಿದ್ದು, "ಒಂದೆರಡು ಸಲ" ಎಂದರು. ಮನೆಯಲ್ಲಿದ್ದ ಕೀಟನಾಶಕ, ಮೈಲುತುತ್ತ ಎಲ್ಲವನ್ನೂ ಅವತ್ತೇ ತಮ್ಮನ ಮನೆಗೆ ಸಾಗಿಸಲು ಹೇಳಿದೆ. ಮನೋವೈದ್ಯರ ಬಳಿ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿಗೂ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

"ನನ್ನ ಕೈಯಲ್ಲೇ ಹಾಳಾಯ್ತಲ್ಲ" ಎಂಬುದು ಅವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಈ ರೋಗದ ಶಿಲೀಂಧ್ರ ಗಾಳಿ, ಮಳೆಯ ಜೊತೆ ಹರಡುತ್ತದೆ. ಬೇಲಿ ಕಂಡರೆ ನಿಲ್ಲುವುದಿಲ್ಲ. "ಪಕ್ಕದ ತೋಟವೂ ಹೋಯ್ತಲ್ವಾ, ಅವರನ್ನೂ ಸೋಂಬೇರಿ ಅಂತೀರಾ?" ಎಂದೆ. "ಛೆ, ಪಾಪ" ಎಂದರು. ಆ ಪಾಪ ನಿಮ್ಮ ಮೇಲೂ ಸ್ವಲ್ಪ ಇರಲಿ ಎಂದೆ. ಕಣ್ಣು ತುಂಬಿ ಬಂತು.

ಆಮೇಲೆ ಒಂದೇ ಕೆಲಸ ಕೊಟ್ಟೆ. ದಿನಾ ಹತ್ತು ನಿಮಿಷ ತೋಟಕ್ಕೆ ಹೋಗಿ ಬರುವುದು. ಕತ್ತಿ ಬೇಡ, ರೋಗ ಹುಡುಕುವುದೂ ಬೇಡ. ಸುಮ್ನೆ ಹೋಗಿ ಬನ್ನಿ. "ಮನಸ್ಸು ಸರಿಯಾಗಲಿ, ಹೋಗ್ತೀನಿ" ಎಂದರು. ಎಲ್ಲರೂ ಹೇಳುವುದು ಇದನ್ನೇ. ಆದರೆ ಹೆದರಿಸುವ ಜಾಗವನ್ನು ತಪ್ಪಿಸಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಮರುದಿನ ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ. ಕಾಲು ಮುಂದೆ ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮೊದಲ ದಿನ ದಣಪೆಯವರೆಗೆ (ತೋಟದ ಬಾಗಿಲು) ಹೋಗಿ ವಾಪಸ್ ಬಂದರಂತೆ. ಅದೂ ಲೆಕ್ಕಕ್ಕೆ ಉಂಟು ಎಂದೆ. ನಾಲ್ಕನೇ ದಿನ ಒಳಗೆ ಹೋದರು. ಜೊತೆಗೆ ಹೆಂಡತಿ.

ರಾತ್ರಿ ಮೂರರ ಎಚ್ಚರದ ಹಿಂದೆ ಇದ್ದದ್ದು ಸೊಸೈಟಿ ಸಾಲ. ಎಷ್ಟು ಎಂದು ಹೆಂಡತಿಗೆ ಹೇಳಿರಲಿಲ್ಲ. ನನ್ನೆದುರೇ ಕಾಗದದ ಮೇಲೆ ಬರೆದರು, ಕೈ ನಡುಗುತ್ತಿತ್ತು. ಆಕೆ ಓದಿ, "ಇಷ್ಟೇನಾ? ನಾನು ಇದರ ಎರಡರಷ್ಟು ಅಂದ್ಕೊಂಡು ಒಬ್ಬಳೇ ಒದ್ದಾಡ್ತಿದ್ದೆ" ಎಂದರು. ಅವತ್ತು ನನಗೆ ಹೆಚ್ಚು ಮಾತಾಡುವ ಕೆಲಸ ಬೀಳಲಿಲ್ಲ.

ರೋಗ ಇನ್ನೂ ಇದೆ. ಫಸಲು ಅರ್ಧಕ್ಕೆ ಇಳಿದಿದೆ. ಒಣಗಿದ ಸೋಗೆ ಕಡಿಸಿ ಸುಟ್ಟಿದ್ದಾರೆ. ಒಬ್ಬರೇ ಔಷಧಿ ಹೊಡೆದರೆ ಸಾಲದೆಂದು ಅಕ್ಕಪಕ್ಕದವರನ್ನು ಸೇರಿಸಿ ಮಾತಾಡಿದ್ದಾರೆ. ನಿದ್ದೆ ಬೆಳಗಿನ ಐದರವರೆಗೆ ಬರುತ್ತಿದೆ. ಮೊನ್ನೆ ಅವರೇ ಫೋನ್ ಮಾಡಿದ್ದರು, ಮುಂದಿನ ಭೇಟಿಯನ್ನು ಎರಡು ವಾರ ಮುಂದೆ ಹಾಕಬಹುದಾ ಎಂದು. ಇರುವಷ್ಟು ಅಡಿಕೆ ಗೊನೆ ಇಳಿಸಬೇಕಂತೆ, ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರ ಸಿಕ್ಕಿದ್ದಾನಂತೆ.