ಅಂತ್ಯಕ್ರಿಯೆ ವಿಮೆಯ ಕಾರ್ಡು, ಕರೆಗಳು: ಅಮೆರಿಕದ ಕನ್ನಡಿಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿರುವ ಹಿರಿಯರನ್ನು ಹುಡುಕಿಕೊಂಡು ಬರುವ ‘ಫೈನಲ್ ಎಕ್ಸ್‌ಪೆನ್ಸ್ ಇನ್ಶೂರೆನ್ಸ್’, ಅಂದರೆ ಅಂತ್ಯಕ್ರಿಯೆಯ ವೆಚ್ಚಕ್ಕೆಂದು ಮಾರುವ ಜೀವವಿಮೆಯ ಕುರಿತು ಈ ಅಂಕಣಕ್ಕೆ ಮತ್ತೆ ಮತ್ತೆ ಪ್ರಶ್ನೆಗಳು ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಸಹಿ ಹಾಕಿದ ಮೇಲೆ ಕೇಳಿದ ಪ್ರಶ್ನೆಗಳು ಎಂಬುದು ನನಗೆ ಬೇಸರ ತರಿಸುತ್ತದೆ. ಜೀವವಿಮೆ ಹೇಗೆ ನಡೆಯುತ್ತದೆ ಎಂಬ ಪ್ರಾಥಮಿಕ ವಿವರಣೆಗೆ ಇಲ್ಲಿ ಜಾಗ ಕೊಡುವುದಿಲ್ಲ. ಮೊದಲ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಎಲ್ಲರೂ ಕೇಳಿರುವುದರಿಂದ ಅದಕ್ಕೆ ವಿವರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತಂದೆಗೆ 72 ವರ್ಷ, ಗ್ರೀನ್ ಕಾರ್ಡ್ ಇದೆ. ‘ನಿಮ್ಮ ರಾಜ್ಯದ ಹಿರಿಯ ನಿವಾಸಿಗಳಿಗೆ ಹೊಸ ಸೌಲಭ್ಯ, ಅಂತ್ಯಕ್ರಿಯೆಯ ಪೂರ್ಣ ವೆಚ್ಚ ದೊರೆಯುತ್ತದೆ’ ಎಂಬ ಕಾರ್ಡು ಅಂಚೆಯಲ್ಲಿ ಬಂದಿತ್ತು. ಅವರು ಹುಟ್ಟಿದ ದಿನಾಂಕ ಮತ್ತು ಫೋನ್ ನಂಬರ್ ಬರೆದು, ಸಹಿ ಹಾಕಿ ವಾಪಸ್ ಕಳಿಸಿಬಿಟ್ಟರು. ಆಮೇಲೆ ಕರೆಗಳು ನಿಂತೇ ಇಲ್ಲ. ಒಬ್ಬ ಏಜೆಂಟ್ 10,000 ಡಾಲರ್ ವಿಮೆಗೆ ತಿಂಗಳಿಗೆ 100 ಡಾಲರ್ ಕೇಳುತ್ತಿದ್ದಾನೆ. ಇದು ಸರ್ಕಾರದ ಯೋಜನೆಯೇ, ಮೋಸವೇ? (ನ್ಯೂಜೆರ್ಸಿಯ ಓದುಗರು)

ಇದು ಸರ್ಕಾರದ ಯೋಜನೆ ಅಲ್ಲ. ವೃದ್ಧರ ಅಂತ್ಯಕ್ರಿಯೆಗೆಂದು ಅಮೆರಿಕದ ಯಾವ ರಾಜ್ಯ ಸರ್ಕಾರವೂ ವಿಮೆ ಮಾರುವುದಿಲ್ಲ, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಅಂತ್ಯಕ್ರಿಯೆಗೆ ಹಣ ಕೊಡುವುದಿಲ್ಲ, ಸರ್ಕಾರದ ಪಿಂಚಣಿ ವ್ಯವಸ್ಥೆಯಾದ ಸೋಶಿಯಲ್ ಸೆಕ್ಯುರಿಟಿಯಿಂದ ಬರುವುದು ಒಂದೇ ಬಾರಿಯ 255 ಡಾಲರ್ ಮಾತ್ರ, ಅದೂ ಬದುಕಿರುವ ಸಂಗಾತಿಗೆ ಅಥವಾ ನಿಯಮಕ್ಕೆ ಒಳಪಡುವ ಮಕ್ಕಳಿಗೆ. ಇಂತಹ ಕಾರ್ಡುಗಳಲ್ಲಿ ಕಾಣುವ ‘ರಾಜ್ಯ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟ ಯೋಜನೆ’ ಎಂಬ ಮಾತು ಅಕ್ಷರಶಃ ಸುಳ್ಳಲ್ಲ, ಅಪಾಯ ಇರುವುದೂ ಅಲ್ಲಿಯೇ. ಅಮೆರಿಕದಲ್ಲಿ ವಿಮೆಯನ್ನು ನಿಯಂತ್ರಿಸುವುದು ರಾಜ್ಯಗಳೇ ಆದ್ದರಿಂದ ಕಾರಿನ ವಿಮೆಯಿಂದ ಹಿಡಿದು ಮನೆಯ ವಿಮೆಯವರೆಗೆ ಎಲ್ಲವೂ ರಾಜ್ಯದ ನಿಯಂತ್ರಣದಲ್ಲಿಯೇ ಇವೆ. ಆ ಮಾತನ್ನು ಹದ್ದಿನ ಚಿತ್ರವೋ ಮುದ್ರೆಯೋ ಇರುವ ಕಾಗದದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದಾಗ ಓದುವವರಿಗೆ ಅದು ಸರ್ಕಾರದ ಕೊಡುಗೆಯಂತೆ ಕಾಣುತ್ತದೆ. ಕಾರ್ಡಿನ ಕೆಳಗೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಯಾವ ಸರ್ಕಾರಿ ಸಂಸ್ಥೆಗೂ ತಮಗೂ ಸಂಬಂಧವಿಲ್ಲ ಎಂದು ಬರೆದಿರುತ್ತಾರೆ. ಸೋಶಿಯಲ್ ಸೆಕ್ಯುರಿಟಿ ಅಥವಾ ಮೆಡಿಕೇರ್ ಹೆಸರನ್ನು ಜನರಿಗೆ ತಪ್ಪು ತಿಳಿವಳಿಕೆ ಬರುವಂತೆ ಬಳಸುವುದನ್ನು ಸೋಶಿಯಲ್ ಸೆಕ್ಯುರಿಟಿ ಕಾಯ್ದೆಯ 1140ನೇ ವಿಧಿ ನಿಷೇಧಿಸಿದೆ. ಹಾಗಾಗಿಯೇ ಚಾಣಾಕ್ಷರು ಆ ಹೆಸರುಗಳನ್ನು ಬಿಟ್ಟು ‘ಸೌಲಭ್ಯ’, ‘ಅರ್ಹತೆ’, ‘ನಿವಾಸಿ’ ಎಂಬ ಸರ್ಕಾರಿ ಧಾಟಿಯ ಪದಗಳಲ್ಲಿಯೇ ಕೆಲಸ ಸಾಧಿಸಿಕೊಳ್ಳುತ್ತಾರೆ.

ನಿಮ್ಮ ತಂದೆ ಕಳಿಸಿದ ಕಾರ್ಡು ಅರ್ಜಿಯಲ್ಲ. ಈ ವ್ಯಾಪಾರದವರು ಅದನ್ನು ಲೀಡ್ ಕಾರ್ಡ್ ಎನ್ನುತ್ತಾರೆ. ಕಾರ್ಡು ಅಂಚೆಗೆ ಹಾಕಿಸುವ ಕಂಪನಿಗೂ ವಿಮಾ ಕಂಪನಿಗೂ ಅನೇಕ ವೇಳೆ ಸಂಬಂಧವೇ ಇರುವುದಿಲ್ಲ. ಅದು ತುಂಬಿ ಬಂದ ಹೆಸರು, ವಯಸ್ಸು, ಫೋನ್ ನಂಬರ್‌ಗಳನ್ನು ಏಜೆಂಟರಿಗೆ ಮಾರುತ್ತದೆ, ಒಂದೇ ಹೆಸರನ್ನು ಹಲವರಿಗೆ ಮಾರುವುದೂ ಉಂಟು. ಕರೆ ಮಾಡಲು ಒಪ್ಪಿಗೆ ಇದೆ ಎಂಬ ಸಾಲಿನ ಕೆಳಗೆ ಸಹಿ ಇರುವುದರಿಂದ ‘ಡು ನಾಟ್ ಕಾಲ್’ ಪಟ್ಟಿಯಲ್ಲಿ ನಂಬರ್ ನೋಂದಾಯಿಸಿದ್ದರೂ ಆ ರಕ್ಷಣೆ ದುರ್ಬಲವಾಗುತ್ತದೆ. ಕರೆ ಮಾಡಿದ ಪ್ರತಿಯೊಬ್ಬರಿಗೂ ‘ಒಪ್ಪಿಗೆ ಹಿಂತೆಗೆದುಕೊಂಡಿದ್ದೇವೆ, ಮತ್ತೆ ಕರೆ ಮಾಡಬೇಡಿ’ ಎಂದು ನೀವೇ ಹೇಳಿ, ತಾರೀಕು ಬರೆದಿಟ್ಟುಕೊಳ್ಳಿ.

ಇನ್ನು ಮೋಸದ ಪ್ರಶ್ನೆ. ಇಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ. ಪಾಲಿಸಿಯೇ ಇಲ್ಲದೆ ನಿಮ್ಮ ತಂದೆಯ ಗುರುತಿನ ಸಂಖ್ಯೆಗಳನ್ನೂ ಬ್ಯಾಂಕ್ ವಿವರವನ್ನೂ ಕದಿಯುವುದು ಮೊದಲನೆಯದು. ನಿಜವಾದ ಕಂಪನಿಯ ನಿಜವಾದ ಪಾಲಿಸಿಯನ್ನೇ ಅದರ ಷರತ್ತುಗಳನ್ನು ಮರೆಮಾಚಿ ಮಾರುವುದು ಎರಡನೆಯದು. ನಮ್ಮ ಜನ ಮೊದಲನೆಯದಕ್ಕೆ ಹೆದರುತ್ತಾರೆ, ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ.

ಮೊದಲನೆಯದನ್ನು ಗುರುತಿಸುವುದು ಕಷ್ಟವಲ್ಲ. ಜೀವವಿಮೆಗೆ ಮೆಡಿಕೇರ್ ಸಂಖ್ಯೆಯ ಅಗತ್ಯವಿಲ್ಲ, ಅದನ್ನು ಕೇಳಿದ ಕ್ಷಣವೇ ಫೋನ್ ಇಡಬೇಕು. ‘ಅರ್ಹತೆ ಪರಿಶೀಲಿಸಲು’ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುವವರ ಜೊತೆಗೂ ಮಾತು ಬೆಳೆಸಬಾರದು. ನಿಜವಾದ ಅರ್ಜಿಯಲ್ಲಿ ಆ ಸಂಖ್ಯೆಯೂ ಬ್ಯಾಂಕ್ ಖಾತೆಯೂ ಬೇಕಾಗುತ್ತವೆ ಎಂಬುದು ದಿಟ, ಆದರೆ ತಾನಾಗಿ ಬಂದ ಕರೆಯಲ್ಲಿ ಅವನ್ನು ಕೊಡುವಂತಿಲ್ಲ, ಇದಕ್ಕೆ ವಿನಾಯಿತಿಯೇ ಇಲ್ಲ. ಏಜೆಂಟನ ಪೂರ್ಣ ಹೆಸರು, ಪರವಾನಗಿ ಪಡೆದ ಏಜೆಂಟರಿಗೆ ಕೊಡುವ ಅವನ ರಾಷ್ಟ್ರೀಯ ಪ್ರೊಡ್ಯೂಸರ್ ಸಂಖ್ಯೆ, ಪಾಲಿಸಿ ಕೊಡುವ ಕಂಪನಿಯ ಪೂರ್ಣ ಕಾನೂನುಬದ್ಧ ಹೆಸರು, ಇಷ್ಟನ್ನು ಬರಹದಲ್ಲಿ ಕೇಳಿ ಪಡೆಯಿರಿ. ರಾಜ್ಯದ ವಿಮಾ ಇಲಾಖೆಯಲ್ಲಿ, ಅಂದರೆ ನಿಮ್ಮಲ್ಲಿ ನ್ಯೂಜೆರ್ಸಿಯ ಬ್ಯಾಂಕಿಂಗ್ ಮತ್ತು ವಿಮಾ ಇಲಾಖೆಯಲ್ಲಿ, ಇಬ್ಬರ ಪರವಾನಗಿಯನ್ನೂ ಪರಿಶೀಲಿಸಬಹುದು. ಆಮೇಲೆ ಕಂಪನಿಗೆ ಕರೆ ಮಾಡುವಾಗ ಏಜೆಂಟ್ ಕೊಟ್ಟ ನಂಬರ್ ಬಳಸದೆ ನೀವೇ ಹುಡುಕಿದ ನಂಬರ್ ಬಳಸಬೇಕು, ಫೋನಿನ ಪರದೆಯ ಮೇಲೆ ಮೂಡುವ ನಂಬರನ್ನು ನಕಲಿ ಮಾಡುವುದು ಇಂದು ಅತ್ಯಂತ ಸುಲಭ.

ನಮ್ಮ ಹಿರಿಯರ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಹಗಲಿನಲ್ಲಿ ಮಕ್ಕಳು ಕೆಲಸಕ್ಕೆ ಹೋದಾಗ ಮನೆಯಲ್ಲಿ ಒಬ್ಬರೇ ಇರುವವರು, ಎದುರಿನ ಧ್ವನಿಯ ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಸೌಜನ್ಯಕ್ಕೆ ‘ಎಸ್, ಎಸ್’ ಎನ್ನುತ್ತಾ ಹೋಗುತ್ತಾರೆ. ಫೋನಿನಲ್ಲಿ ಧ್ವನಿಮುದ್ರಿಸಿದ ಒಪ್ಪಿಗೆಯನ್ನೇ ಸಹಿಯಾಗಿ ಸ್ವೀಕರಿಸುವ ಪದ್ಧತಿ ಈ ವಿಮೆಯ ಮಾರಾಟದಲ್ಲಿ ಸಾಮಾನ್ಯವಾಗಿದೆ. ‘ಮಗನಿಗೆ ಕರೆ ಮಾಡಿ’ ಎಂಬ ಒಂದೇ ವಾಕ್ಯವನ್ನು ಹೇಳಿ ಫೋನ್ ಇಡುವುದು ಅವಮರ್ಯಾದೆಯಲ್ಲ ಎಂದು ಅವರಿಗೆ ಮನದಟ್ಟು ಮಾಡಿಸಿ.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಫೈನಲ್ ಎಕ್ಸ್‌ಪೆನ್ಸ್ ಎಂದು ಮಾರುವುದು ಹೆಚ್ಚಾಗಿ 5,000ದಿಂದ 25,000 ಡಾಲರ್ ಮೊತ್ತದ ಸಣ್ಣ ಹೋಲ್ ಲೈಫ್ (ಜೀವನಪರ್ಯಂತದ) ಪಾಲಿಸಿ. ‘ವೈದ್ಯಕೀಯ ಪರೀಕ್ಷೆ ಇಲ್ಲ, ಆರೋಗ್ಯದ ಪ್ರಶ್ನೆ ಇಲ್ಲ, ಯಾರನ್ನೂ ತಿರಸ್ಕರಿಸುವುದಿಲ್ಲ’ ಎಂದರೆ ಅದು ಗ್ಯಾರಂಟೀಡ್ ಇಶ್ಯೂ ಪಾಲಿಸಿ. ಅದರಲ್ಲಿ ಸಾಮಾನ್ಯವಾಗಿ ಮೊದಲ 2 ವರ್ಷ, ಕೆಲವದರಲ್ಲಿ 3 ವರ್ಷ, ಕಾಯಿಲೆಯಿಂದ ಸಾವು ಸಂಭವಿಸಿದರೆ ಕಟ್ಟಿದ ಪ್ರೀಮಿಯಂ ಮತ್ತು ಸ್ವಲ್ಪ ಬಡ್ಡಿ ಮಾತ್ರ ಹಿಂದೆ ಬರುತ್ತದೆ, ಪೂರ್ಣ ಮೊತ್ತ ಬರುವುದು ಅಪಘಾತದ ಸಾವಿಗೆ. ‘ಮೊದಲ ದಿನದಿಂದಲೇ ಪೂರ್ಣ ರಕ್ಷಣೆ’ ಎಂದು ಬಾಯಲ್ಲಿ ಹೇಳುವವನಿಗೆ ಪಾಲಿಸಿಯ ಯಾವ ಪುಟದಲ್ಲಿ ಹಾಗೆ ಬರೆದಿದೆ ಎಂದು ತೋರಿಸಲು ಹೇಳಿ. ಎರಡನೆಯದಾಗಿ, ಪ್ರೀಮಿಯಂ ಎಂದೆಂದಿಗೂ ಒಂದೇ ಇರುತ್ತದೆಯೇ, ಪಾಲಿಸಿ ಜೀವನಪರ್ಯಂತ ಇರುತ್ತದೆಯೇ ಎಂದು ನೋಡಿ. ಪ್ರತಿ 5 ವರ್ಷಕ್ಕೆ ಪ್ರೀಮಿಯಂ ಏರುತ್ತಾ ಹೋಗಿ 80ನೇ ವಯಸ್ಸಿಗೆ ಕೊನೆಗೊಳ್ಳುವ ಟರ್ಮ್ ಪಾಲಿಸಿಯನ್ನು ಹಿರಿಯರಿಗೆ ಅಂತ್ಯಕ್ರಿಯೆ ವಿಮೆಯೆಂದು ಮಾರುವುದಿದೆ. 81ರಲ್ಲಿ ತೀರಿಕೊಂಡವರ ಮನೆಗೆ ಅದರಿಂದ ಒಂದು ಡಾಲರ್ ಕೂಡ ಬರುವುದಿಲ್ಲ. ಮೂರನೆಯದಾಗಿ, ‘ಒಂದು ಯೂನಿಟ್‌ಗೆ ತಿಂಗಳಿಗೆ 10 ಡಾಲರ್‌ಗಿಂತ ಕಡಿಮೆ’ ಎಂಬ ಟಿವಿ ಜಾಹೀರಾತು ಯೂನಿಟ್ಟಿನ ಬೆಲೆಯನ್ನು ಹೇಳುತ್ತದೆ, ಯೂನಿಟ್ಟಿಗೆ ಸಿಗುವ ಮೊತ್ತವನ್ನು ಹೇಳುವುದಿಲ್ಲ. ಬೆಲೆ ಎಲ್ಲರಿಗೂ ಒಂದೇ, ವಯಸ್ಸು ಹೆಚ್ಚಿದಷ್ಟೂ ಸಿಗುವ ಮೊತ್ತ ಕುಗ್ಗುತ್ತದೆ. ಹಳೆಯ ಪಾಲಿಸಿ ಇದ್ದವರಿಗೆ ಅದನ್ನು ಬಿಟ್ಟು ಹೊಸದು ಕೊಳ್ಳಿ ಎನ್ನುವ ಏಜೆಂಟರೂ ಇದ್ದಾರೆ. ಹಾಗೆ ಮಾಡಿದರೆ 2 ವರ್ಷದ ಕಾಯುವಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಹೊಸ ಕಮಿಷನ್ ಮಾತ್ರ ಏಜೆಂಟನಿಗೆ ಕೂಡಲೇ ಸಿಗುತ್ತದೆ.

ಈಗ ನಿಮ್ಮ ಲೆಕ್ಕ. ತಿಂಗಳಿಗೆ 100 ಡಾಲರ್ ಎಂದರೆ 8 ವರ್ಷ 4 ತಿಂಗಳಲ್ಲಿ ನಿಮ್ಮ ತಂದೆ 10,000 ಡಾಲರ್ ಕಟ್ಟಿರುತ್ತಾರೆ. 80 ದಾಟಿ ಒಂದೆರಡು ವರ್ಷ ಬದುಕಿದರೆ ಸಿಗುವುದಕ್ಕಿಂತ ಕಟ್ಟಿದ್ದೇ ಹೆಚ್ಚು. ಮಧ್ಯದಲ್ಲಿ ಕಂತು ನಿಲ್ಲಿಸಿದರೆ ಕೈಗೆ ಬರುವ ಸರೆಂಡರ್ ಮೌಲ್ಯ ಕಟ್ಟಿದ್ದಕ್ಕಿಂತ ಬಹಳ ಕಡಿಮೆ.

ಏಜೆಂಟರು ಹೇಳುವ ‘ಅಂತ್ಯಕ್ರಿಯೆಗೆ 15,000, 20,000 ಡಾಲರ್’ ಎಂಬ ಅಂಕಿಯನ್ನೂ ಪ್ರಶ್ನಿಸಬೇಕು. ಅಮೆರಿಕದ ಅಂತ್ಯಕ್ರಿಯೆ ನಿರ್ದೇಶಕರ ರಾಷ್ಟ್ರೀಯ ಸಂಘವೇ 2023ಕ್ಕೆ ಕೊಟ್ಟ ಮಧ್ಯಮ ವೆಚ್ಚ, ಪಾರ್ಥಿವ ಶರೀರದ ದರ್ಶನ ಸಹಿತ ಹೂಳುವುದಕ್ಕೆ 8,300 ಡಾಲರ್, ದರ್ಶನ ಸಹಿತ ದಹನಕ್ಕೆ 6,280 ಡಾಲರ್. ದರ್ಶನ, ಶವ ಕೆಡದಂತೆ ಮಾಡುವ ಎಂಬಾಮಿಂಗ್, ಅಲಂಕೃತ ಪೆಟ್ಟಿಗೆ ಯಾವುದೂ ಇಲ್ಲದ ನೇರ ದಹನ ಇದಕ್ಕಿಂತ ಬಹಳ ಅಗ್ಗ. 1984ರಿಂದ ಜಾರಿಯಲ್ಲಿರುವ ಫೆಡರಲ್ ಟ್ರೇಡ್ ಕಮಿಷನ್ನಿನ ಫ್ಯೂನರಲ್ ರೂಲ್ ಪ್ರಕಾರ ಅಂತ್ಯಕ್ರಿಯೆ ನಡೆಸಿಕೊಡುವ ಪ್ರತಿ ಫ್ಯೂನರಲ್ ಹೋಮ್ ಫೋನಿನಲ್ಲಿ ಕೇಳಿದರೂ ದರ ಹೇಳಲೇಬೇಕು, ಖುದ್ದಾಗಿ ಹೋದವರಿಗೆ ದರಪಟ್ಟಿ ಕೊಡಲೇಬೇಕು, ನೇರ ದಹನಕ್ಕೆ ದುಬಾರಿ ಪೆಟ್ಟಿಗೆ ಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ. ಲಿಂಗಾಯತ, ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಹೂಳುವ ಪದ್ಧತಿ ಇರುವುದರಿಂದ ಅವರು ಸ್ಮಶಾನದ ಜಾಗ, ಅಗೆತ ಮತ್ತು ಕಲ್ಲಿನ ವೆಚ್ಚವನ್ನು ಪ್ರತ್ಯೇಕವಾಗಿ ವಿಚಾರಿಸಬೇಕು, ಮೇಲಿನ 8,300ರಲ್ಲಿ ಅದು ಸೇರಿಲ್ಲ. ನಿಮ್ಮ ಊರಿನ ಮೂರು ಫ್ಯೂನರಲ್ ಹೋಮ್‌ಗಳಿಗೆ ಫೋನ್ ಮಾಡಿ ದರ ಬರೆದುಕೊಂಡ ಮೇಲೆ ವಿಮೆ ಬೇಕೋ ಬೇಡವೋ ಎಂದು ಯೋಚಿಸಿ, ಈ ಕೆಲಸಕ್ಕೆ ಒಂದು ಗಂಟೆ ಸಾಕು.

ನನ್ನ ಸಲಹೆ ಹೀಗಿದೆ, ಇದು ಅತಿ ಎಚ್ಚರಿಕೆಯದು ಎನಿಸಿದರೂ ಬದಲಿಸುವುದಿಲ್ಲ. ಅಷ್ಟು ಹಣ ಉಳಿಸುವ ಶಕ್ತಿ ನಿಮ್ಮ ಕುಟುಂಬಕ್ಕೆ ಇದ್ದರೆ ಬ್ಯಾಂಕಿನಲ್ಲಿ ‘ಪೇಯಬಲ್ ಆನ್ ಡೆತ್’ ಖಾತೆ ತೆರೆದು ನಿಮ್ಮ ಹೆಸರನ್ನು ಫಲಾನುಭವಿಯಾಗಿ ಕೊಡಿಸಿ, ಆ ಹಣ ನ್ಯಾಯಾಲಯದ ಪ್ರೊಬೇಟ್‌ಗೆ ಕಾಯದೆ ನಿಮಗೆ ಬರುತ್ತದೆ. ಗ್ಯಾರಂಟೀಡ್ ಇಶ್ಯೂ ಪಾಲಿಸಿ ಅರ್ಥಪೂರ್ಣವಾಗುವುದು ಉಳಿತಾಯವಿಲ್ಲದ, ಬೇರೆ ಯಾವ ಕಂಪನಿಯೂ ಒಪ್ಪದಂತಹ ಕಾಯಿಲೆ ಇರುವ ಕೆಲವೇ ಜನರಿಗೆ. ನಿಮ್ಮ ತಂದೆ ನಡೆದಾಡಿಕೊಂಡು ಆರೋಗ್ಯವಾಗಿದ್ದರೆ ಅವರಿಗೆ ಅದು ಬೇಡ.

ಆಗಲೇ ಸಹಿ ಹಾಕಿದವರು ಗಮನಿಸಿ. ಪಾಲಿಸಿ ಕೈಸೇರಿದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕನಿಷ್ಠ 10 ದಿನಗಳ ಫ್ರೀ ಲುಕ್ ಅವಧಿ ಇರುತ್ತದೆ, ಕ್ಯಾಲಿಫೋರ್ನಿಯಾದಲ್ಲಿ 60 ದಾಟಿದವರಿಗೆ 30 ದಿನ. ಅಷ್ಟರೊಳಗೆ ಬರಹದಲ್ಲಿ ರದ್ದು ಮಾಡಿ, ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿದರೆ ಕಟ್ಟಿದ ಹಣ ವಾಪಸ್ ಬರುತ್ತದೆ. ಖಾತೆಯಿಂದ ತಾನಾಗಿ ಕಡಿತವಾಗುವ ಕಂತನ್ನು ತಡೆಯಲು ಕನಿಷ್ಠ 3 ಬ್ಯಾಂಕಿಂಗ್ ದಿನ ಮೊದಲು ಬ್ಯಾಂಕಿಗೆ ತಿಳಿಸಬೇಕು, ಒಪ್ಪಿಗೆಯೇ ಇಲ್ಲದ ಕಡಿತವನ್ನು ಸ್ಟೇಟ್‌ಮೆಂಟ್ ಬಂದ 60 ದಿನಗಳೊಳಗೆ ದೂರಬೇಕು. ನಾಚಿಕೆಯಿಂದ ಹಿರಿಯರು ಈ ವಿಷಯ ಮುಚ್ಚಿಡುತ್ತಾರೆ, ಗದರಿದರೆ ಮುಂದಿನ ಕರೆಯ ವಿಷಯವನ್ನೂ ಹೇಳುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅರ್ಜಿಯಲ್ಲಿ ಬರೆಯಬೇಡಿ, ಯಾರೂ ನೋಡುವುದಿಲ್ಲ ಎಂದು ಏಜೆಂಟ್ ಹೇಳುತ್ತಾನೆ.

ಅವನನ್ನು ಮನೆಗೆ ಸೇರಿಸಬೇಡಿ. ಪಾಲಿಸಿಯ ಮೊದಲ 2 ವರ್ಷಗಳಲ್ಲಿ ಸಾವು ಸಂಭವಿಸಿದರೆ ಕಂಪನಿ ಅರ್ಜಿಯ ಪ್ರತಿ ಉತ್ತರವನ್ನೂ ವೈದ್ಯಕೀಯ ದಾಖಲೆಗಳ ಜೊತೆ ಹೋಲಿಸಿ ನೋಡುತ್ತದೆ, ಸುಳ್ಳು ಕಂಡರೆ ಹಣ ನಿರಾಕರಿಸುತ್ತದೆ. ಆಗ ಏಜೆಂಟ್ ಸಿಗುವುದಿಲ್ಲ, ಅರ್ಜಿಯ ಕೆಳಗೆ ಇರುವುದು ನಿಮ್ಮ ಅಮ್ಮನ ಸಹಿ. ಔಷಧಿ ಅಂಗಡಿಯ ದಾಖಲೆಗಳನ್ನು ಕಂಪನಿಗಳು ಅರ್ಜಿ ಬಂದಾಗಲೇ ತರಿಸಿಕೊಳ್ಳುವುದರಿಂದ ‘ಯಾರೂ ನೋಡುವುದಿಲ್ಲ’ ಎಂಬುದೂ ಸುಳ್ಳು.

ಪ್ರಶ್ನೆ: ಏಜೆಂಟ್ ನಮ್ಮ ಕನ್ನಡದವರೇ, ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದವರು. ಅವರನ್ನೂ ಪರಿಶೀಲಿಸಬೇಕೇ?

ಹೌದು. ಭಾಷೆಯ ಬಾಂಧವ್ಯ ಪರವಾನಗಿಯಲ್ಲ.

ಪ್ರಶ್ನೆ: ಖಾಸಗಿ ಕಂಪನಿಗಳ ಮೂಲಕ ಸಿಗುವ ಮೆಡಿಕೇರ್ ಅಡ್ವಾಂಟೇಜ್ ತೆಗೆದುಕೊಂಡರೆ ಅಂತ್ಯಕ್ರಿಯೆಯ ವಿಮೆ ಉಚಿತ ಎಂದು ಕರೆ ಬಂದಿತ್ತು.

ನಂಬಬೇಡಿ. ನಿಮ್ಮ ರಾಜ್ಯದ ‘ಶಿಪ್’ ಸಲಹಾ ಕೇಂದ್ರ ಮೆಡಿಕೇರ್ ಬಗ್ಗೆ ಉಚಿತವಾಗಿ ಸಲಹೆ ನೀಡುತ್ತದೆ, ಅಲ್ಲಿ ಕೇಳಿ.

ಪ್ರಶ್ನೆ: ಅತ್ತೆಗೆ ಪೌರತ್ವ ಸಿಕ್ಕಿ ಈಗ ಕಡಿಮೆ ಆದಾಯದ ಹಿರಿಯರಿಗೆ ಸರ್ಕಾರ ಕೊಡುವ ಮಾಸಿಕ ನೆರವಾದ ಎಸ್‌ಎಸ್‌ಐ ಬರುತ್ತಿದೆ. 10,000 ಡಾಲರ್ ಪಾಲಿಸಿ ಕೊಂಡರೆ ತೊಂದರೆಯೇ?

ತೊಂದರೆ ಆಗಬಹುದು, ಯಾವ ಏಜೆಂಟನೂ ಇದನ್ನು ಹೇಳುವುದಿಲ್ಲ. ಎಸ್‌ಎಸ್‌ಐ ಪಡೆಯುವ ಒಬ್ಬ ವ್ಯಕ್ತಿಯ ಆಸ್ತಿ ಮಿತಿ 2,000 ಡಾಲರ್. ಒಬ್ಬರ ಹೆಸರಿನ ಪಾಲಿಸಿಗಳ ಒಟ್ಟು ಮುಖಬೆಲೆ 1,500 ಡಾಲರ್ ಮೀರಿದರೆ ಅವುಗಳ ಸರೆಂಡರ್ ಮೌಲ್ಯವೂ ಆಸ್ತಿಯ ಲೆಕ್ಕಕ್ಕೆ ಬರುತ್ತದೆ, ವರ್ಷ ಕಳೆದಂತೆ ಅದು ಬೆಳೆಯುತ್ತದೆ. ಕೊಳ್ಳುವ ಮೊದಲು ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಅಪ್ಪ ಅಮ್ಮ ಆರು ತಿಂಗಳಿಗೆ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ಅವರಿಗೆ ಈ ವಿಮೆ ಮಾಡಿಸಬೇಕೇ?

ಬೇಡ. ಇದು ಸಾಮಾನ್ಯವಾಗಿ ಇಲ್ಲಿಯ ಕಾಯಂ ನಿವಾಸಿಗಳಿಗೆ ಮಾರುವ ಪಾಲಿಸಿ. ನೀವು ಅವರಿಗೆ ಕೊಳ್ಳುವ ವಿಸಿಟರ್ ವೈದ್ಯಕೀಯ ವಿಮೆಯಲ್ಲಿ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ಕಳಿಸುವ ವೆಚ್ಚ ಸೇರಿದೆಯೇ, ಎಷ್ಟು ಡಾಲರ್‌ವರೆಗೆ ಎಂದು ನೋಡಿಕೊಳ್ಳಿ.

ಪ್ರಶ್ನೆ: ಮೈಸೂರಿನಲ್ಲಿರುವ ತಾಯಿಗೆ ‘ಐಆರ್‌ಡಿಎಐ ಕಚೇರಿಯಿಂದ’ ಎಂದು ಕರೆ ಬಂದು, ಹಳೆಯ ಪಾಲಿಸಿಯ ಬೋನಸ್ ಬಿಡುಗಡೆಗೆ ಹಣ ಕಟ್ಟಲು ಹೇಳಿದ್ದಾರೆ.

ಐಆರ್‌ಡಿಎಐ ಭಾರತದ ವಿಮಾ ನಿಯಂತ್ರಣ ಸಂಸ್ಥೆ, ಅದು ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ, ಹಣ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ತಂದೆ ತೀರಿಕೊಂಡರು. ಯಾವುದೋ ವಿಮೆ ಇತ್ತು ಎನ್ನುತ್ತಿದ್ದರು, ಕಾಗದ ಸಿಗುತ್ತಿಲ್ಲ. 300 ಡಾಲರ್ ಕೊಟ್ಟರೆ ಹುಡುಕಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಾರೆ.

ಒಂದು ಸೆಂಟನ್ನೂ ಕೊಡಬೇಡಿ. ರಾಜ್ಯ ವಿಮಾ ಆಯುಕ್ತರ ರಾಷ್ಟ್ರೀಯ ಸಂಘಟನೆಯಾದ ಎನ್‌ಎಐಸಿ ನಡೆಸುವ ಪಾಲಿಸಿ ಲೊಕೇಟರ್ ಸೇವೆ ಉಚಿತ. ಮರಣ ಪ್ರಮಾಣಪತ್ರದಲ್ಲಿರುವಂತೆ ಹೆಸರು, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಹುಟ್ಟಿದ ಮತ್ತು ಮರಣದ ದಿನಾಂಕ ತುಂಬಿದರೆ ಸೇವೆಯಲ್ಲಿ ಪಾಲ್ಗೊಂಡಿರುವ ಕಂಪನಿಗಳು ತಮ್ಮ ದಾಖಲೆ ನೋಡಿ, ಪಾಲಿಸಿ ಇದ್ದು ನೀವು ಫಲಾನುಭವಿಯಾಗಿದ್ದರೆ ನೇರವಾಗಿ ನಿಮ್ಮನ್ನು ಸಂಪರ್ಕಿಸುತ್ತವೆ. ಜೊತೆಗೆ ಅವರ ಬ್ಯಾಂಕಿನ ಹಳೆಯ ಸ್ಟೇಟ್‌ಮೆಂಟ್‌ಗಳಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಕಡಿತವಾಗಿರುವ ಸಾಲುಗಳನ್ನು ಹುಡುಕಿ, ಕಂಪನಿಯ ಹೆಸರು ಅಲ್ಲಿಯೇ ಸಿಗಬಹುದು.