ಟರ್ಮಿನಲ್‌ನಲ್ಲಿ ಓಡುವ ಸ್ಕ್ರಿಪ್ಟ್ ಬ್ರೌಸರ್‌ನಲ್ಲಿ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯರ ಸಾಲ, ಉಳಿತಾಯದ ಲೆಕ್ಕ ತೋರಿಸುವ ಪುಟ ಪರ್ಲ್ ಭಾಷೆಯಲ್ಲಿ ಬರೆದ, ಬ್ರೌಸರ್ ಕೇಳಿದಾಗ ಸರ್ವರ್ ಓಡಿಸುವ ಹಳೆಯ ಸಿಜಿಐ ಸ್ಕ್ರಿಪ್ಟ್‌ನಿಂದ ನಡೆಯುತ್ತದೆ. ಹೊಸ ಉಬುಂಟು ಸರ್ವರ್‌ಗೆ ಹಾಕಿದ ಮೇಲೆ ಬ್ರೌಸರ್‌ನಲ್ಲಿ ಬರೀ ‘500 ಇಂಟರ್ನಲ್ ಸರ್ವರ್ ಎರರ್’. ವೆಬ್ ಸರ್ವರ್ ಅಪಾಚೆಯ ಎರರ್ ಲಾಗ್‌ನಲ್ಲಿ ಸಿಜಿಐ ಡಾಟ್ ಪಿಎಂ ಎಂಬ ಮಾಡ್ಯೂಲ್ (ಸಿದ್ಧ ಕೋಡ್‌ನ ಫೈಲ್) ಸಿಗಲಿಲ್ಲ ಎಂದಿದೆ. ನನ್ನ ಲಾಗಿನ್‌ನಲ್ಲೇ ಪರ್ಲ್ ಮಾಡ್ಯೂಲ್‌ಗಳ ಭಂಡಾರವಾದ ಸಿಪ್ಯಾನ್‌ನಿಂದ ಇನ್‌ಸ್ಟಾಲ್ ಮಾಡಿದೆ. ಈಗ ಟರ್ಮಿನಲ್‌ನಲ್ಲಿ ಸರಾಗವಾಗಿ ಓಡುತ್ತದೆ, ಬ್ರೌಸರ್‌ನಲ್ಲಿ ಮಾತ್ರ ಅದೇ ಎರರ್. ಫೋಲ್ಡರ್‌ಗೆಲ್ಲ 777 ಪರ್ಮಿಷನ್ ಕೊಡಿ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಕೊಡಲೇ?
– ಓದುಗರು, ಹುಬ್ಬಳ್ಳಿ

ಉತ್ತರ: 777 ಖಂಡಿತ ಬೇಡ. ಜನರ ಹಣದ ಲೆಕ್ಕ ನಡೆಯುವ ಸ್ಕ್ರಿಪ್ಟನ್ನು ಆ ಯಂತ್ರದ ಯಾವ ಬಳಕೆದಾರನಾದರೂ ತಿದ್ದುವಂತೆ ಬಿಡಬಾರದು. ಮೇಲಾಗಿ ನಿಮ್ಮ ತೊಂದರೆಗೆ ಅದು ಮದ್ದೂ ಅಲ್ಲ.

ಲಾಗ್ ತೆರೆದು ನೋಡಿದ್ದೀರಲ್ಲ, ಒಳ್ಳೆಯದಾಯಿತು. ಆ ಸಾಲನ್ನು ಇನ್ನೊಮ್ಮೆ ಕೊನೆಯವರೆಗೆ ಓದಿ. ಆವರಣದೊಳಗೆ ಒಂದಿಷ್ಟು ಫೋಲ್ಡರ್‌ಗಳ ಹೆಸರಿರುತ್ತದೆ. ಅದೇ ಐಎನ್‌ಸಿ ಪಟ್ಟಿ. ಪರ್ಲ್ ಮಾಡ್ಯೂಲ್ ಹುಡುಕುವುದು ಅಲ್ಲಿ ಮಾತ್ರ. ಯಂತ್ರದಲ್ಲಿ ಬೇರೆಲ್ಲೋ ಮಾಡ್ಯೂಲ್ ಇದ್ದರೂ ಇದೇ ಎರರ್ ಬರುತ್ತದೆ.

ಹಳೆಯ ಸರ್ವರ್‌ನಲ್ಲಿ ಇದ್ದದ್ದು ಇಲ್ಲೇಕಿಲ್ಲ? ಸಿಜಿಐ ಮಾಡ್ಯೂಲ್ ಹಿಂದೆ ಪರ್ಲ್ ಜೊತೆಗೇ ಬರುತ್ತಿತ್ತು. 2015ರ ಪರ್ಲ್ 5.22ರಿಂದ ಅದನ್ನು ಕೈಬಿಟ್ಟರು, ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕು. ನೀವೂ ಹಾಕಿಕೊಂಡಿರಿ, ಆದರೆ ಅದು ಹೋಗಿ ಕೂತದ್ದು ಬಹುಶಃ ನಿಮ್ಮ ಹೋಮ್ ಫೋಲ್ಡರ್‌ನೊಳಗಿನ ಪರ್ಲ್5 ಎಂಬಲ್ಲಿ. ರೂಟ್ ಅಧಿಕಾರವಿಲ್ಲದೆ ಇನ್‌ಸ್ಟಾಲ್ ಮಾಡಿದರೆ ಸಾಮಾನ್ಯವಾಗಿ ಹಾಗೇ ಆಗುತ್ತದೆ. ಆ ಜಾಗದ ವಿಳಾಸವನ್ನು ಪರ್ಲ್‌ಗೆ ತಿಳಿಸುವ ಪರ್ಲ್5ಲಿಬ್ ಎಂಬ ವೇರಿಯಬಲ್ ನಿಮ್ಮ ಬ್ಯಾಶ್‌ಆರ್‌ಸಿ ಫೈಲಿನಲ್ಲಿದೆ. ನೀವು ಲಾಗಿನ್ ಆದಾಗ ಆ ಫೈಲ್ ಓದಲ್ಪಡುತ್ತದೆ. ಅಪಾಚೆ ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ; ಅದಕ್ಕೆ ನಿಮ್ಮ ಬ್ಯಾಶ್‌ಆರ್‌ಸಿಯ ಗೊಡವೆಯೇ ಇಲ್ಲ. ಉಬುಂಟು 21.04ರಿಂದ ಈಚೆಗೆ ಹೊಸ ಬಳಕೆದಾರರ ಹೋಮ್ ಫೋಲ್ಡರ್ ಇತರರಿಗೆ ಮುಚ್ಚಿಯೇ ಇರುತ್ತದೆ, ಹಾಗಾಗಿ ದಾರಿ ತೋರಿಸಿದರೂ ಅಪಾಚೆ ಒಳಗೆ ಬರಲಾರದು.

ಸುಲಭದ ದಾರಿ: ಉಬುಂಟುವಿನ ಪ್ಯಾಕೇಜ್ ಇನ್‌ಸ್ಟಾಲರ್ ಆಪ್ಟ್ ಮೂಲಕ ‘ಲಿಬ್‌ಸಿಜಿಐ-ಪಿಎಂ-ಪರ್ಲ್’ ಪ್ಯಾಕೇಜ್ ಹಾಕಿ. ಅದು ಎಲ್ಲ ಬಳಕೆದಾರರಿಗೂ ಕಾಣುವ ಜಾಗಕ್ಕೆ ಹೋಗುತ್ತದೆ, ಸಿಸ್ಟಂ ಅಪ್‌ಡೇಟ್ ಜೊತೆ ತಾನೂ ಅಪ್‌ಡೇಟ್ ಆಗುತ್ತದೆ. ಆಮೇಲೆ ಪರೀಕ್ಷೆಯನ್ನು ನಿಮ್ಮ ಹೆಸರಿನಲ್ಲಿ ಮಾಡಬೇಡಿ. ಸುಡೊ ಆಜ್ಞೆಗೆ ಮೈನಸ್ ಯು ಕೊಟ್ಟು, ಅಪಾಚೆಯ ಬಳಕೆದಾರನಾಗಿಯೇ ಸ್ಕ್ರಿಪ್ಟ್ ಓಡಿಸಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿರುವ ಪರ್ಲ್ ಯಾವುದು ಎಂಬುದನ್ನೂ ನೋಡಿಕೊಳ್ಳಿ. ಹಲವು ಪರ್ಲ್ ಆವೃತ್ತಿಗಳನ್ನು ಇಟ್ಟುಕೊಳ್ಳುವ ಪರ್ಲ್‌ಬ್ರೂ ಬಳಸಿದ್ದರೆ ಟರ್ಮಿನಲ್‌ನದು ಒಂದು ಪರ್ಲ್, ಅಪಾಚೆಯದು ಇನ್ನೊಂದು ಆಗಿರಬಹುದು. ಅಪಾಚೆ ಸೆಟ್ಟಿಂಗ್‌ನಲ್ಲಿ ಪರ್ಲ್5ಲಿಬ್ ಬರೆದು ಬಗೆಹರಿಸುವವರೂ ಇದ್ದಾರೆ. ಆದರೆ ಮೊದಲ ಸಾಲಿನಲ್ಲಿ ಮೈನಸ್ ದೊಡ್ಡ ಟಿ, ಅಂದರೆ ಹೊರಗಿನಿಂದ ಬಂದ ಡೇಟಾವನ್ನು ನಂಬದ ಟೇಂಟ್ ಮೋಡ್, ಇದ್ದರೆ ಪರ್ಲ್ ಆ ವೇರಿಯಬಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದು ಸರಿಹೋದ ಕೂಡಲೇ ಇನ್ನೊಂದು ಎರರ್ ಬರಬಹುದು, ಗಾಬರಿಯಾಗಬೇಡಿ. ಸ್ಕ್ರಿಪ್ಟ್ ಪಕ್ಕದಲ್ಲೇ ನೀವು ಬರೆದಿಟ್ಟ ಸ್ವಂತ ಮಾಡ್ಯೂಲ್ ಇದ್ದರೆ ಅದೂ ‘ಸಿಗಲಿಲ್ಲ’ ಎನ್ನುತ್ತದೆ. 2017ರ ಪರ್ಲ್ 5.26ರಿಂದ, ಸ್ಕ್ರಿಪ್ಟ್ ಓಡುವಾಗಿನ ಫೋಲ್ಡರನ್ನು ಸೂಚಿಸುವ ಚುಕ್ಕೆಯನ್ನು ಐಎನ್‌ಸಿ ಪಟ್ಟಿಯಿಂದ ತೆಗೆದಿದ್ದಾರೆ. ಯಾರೋ ಟೆಂಪ್ ಫೋಲ್ಡರ್‌ನಲ್ಲಿ ಇಟ್ಟ ದುಷ್ಟ ಮಾಡ್ಯೂಲನ್ನು ಅಲ್ಲಿಂದ ಓಡಿದ ಪ್ರೋಗ್ರಾಂ ಎತ್ತಿಕೊಳ್ಳುವ ಅಪಾಯವಿತ್ತು. ಆ ಚುಕ್ಕೆಯನ್ನು ಮರಳಿ ತರುವ ವೇರಿಯಬಲ್ ಒಂದಿದೆ, ದಯವಿಟ್ಟು ಬಳಸಬೇಡಿ. ಮಾಡ್ಯೂಲ್‌ಗಳನ್ನು ಪ್ರತ್ಯೇಕ ಫೋಲ್ಡರ್‌ಗೆ ಹಾಕಿ, ‘ಯೂಸ್ ಲಿಬ್’ ಎಂದು ಅದರ ಪೂರ್ಣ ಪಾತ್ ಬರೆಯಿರಿ. ಟೇಂಟ್ ಮೋಡ್‌ನಲ್ಲೂ ಇದು ನಡೆಯುತ್ತದೆ. ಹೆಸರಿನ ದೊಡ್ಡ, ಸಣ್ಣ ಅಕ್ಷರಗಳೂ ಹೊಂದಬೇಕು. ವಿಂಡೋಸ್ ಇದನ್ನು ನೋಡುವುದಿಲ್ಲ, ಲಿನಕ್ಸ್ ಬಿಡುವುದಿಲ್ಲ.

ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ ಪರ್ಲ್‌ನ ಡೇಟಾಬೇಸ್ ಮಾಡ್ಯೂಲ್ ಡಿಬಿಐ ಒಂದೇ ಸಾಲದು, ‘ಲಿಬ್‌ಡಿಬಿಡಿ-ಮೈಎಸ್‌ಕ್ಯೂಎಲ್-ಪರ್ಲ್’ ಡ್ರೈವರ್ ಕೂಡ ಬೇಕು. ಡ್ರೈವರ್ ಫೈಲ್‌ಗಳನ್ನು ಹಳೆಯ ಸರ್ವರ್‌ನಿಂದ ಕಾಪಿ ಮಾಡಬೇಡಿ; ಅದರಲ್ಲಿ ಆ ಪರ್ಲ್‌ಗೆಂದೇ ಕಂಪೈಲ್ ಆದ ಭಾಗವಿರುತ್ತದೆ. ಎರರ್‌ಗಳನ್ನು ಬ್ರೌಸರ್‌ನಲ್ಲೇ ತೋರಿಸುವ ‘ಫೇಟಲ್ಸ್ ಟು ಬ್ರೌಸರ್’ ಸಾಲು ಸ್ಕ್ರಿಪ್ಟಿನಲ್ಲಿದ್ದರೆ, ಪುಟವನ್ನು ಸದಸ್ಯರಿಗೆ ಬಿಡುವ ಮೊದಲು ತೆಗೆದುಹಾಕಿ. ಅದು ನಿಮ್ಮ ಸರ್ವರ್‌ನ ಫೋಲ್ಡರ್ ವಿವರಗಳನ್ನು ಹೊರಗಿನವರಿಗೂ ತೋರಿಸುತ್ತದೆ.